ಹಳೆಯ ಉಸ್ತಾದರನ್ನು ನಕಲು ಮಾಡಿ ಮುಖ ಬರೆಯಲು ಕಲಿಯುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಭಾವಚಿತ್ರದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಸಲ ಒಂದೇ ವಿಷಯದ ಸುತ್ತ ಇವೆ: ರೆಂಬ್ರಾಂಟ್, ವೆಲಾಸ್ಕೆಸ್, ವರ್ಮೀರ್ ಮೊದಲಾದ ಯುರೋಪಿನ ಹಳೆಯ ಚಿತ್ರಕಾರರ ಚಿತ್ರಗಳನ್ನು ನಕಲು ಮಾಡಿ ಕಲಿಯುವುದು ಹೇಗೆ, ಕೆಲಸ ಎಲ್ಲಿ ಕೈಕೊಡುತ್ತದೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ, ಉದ್ದನೆಯ ಪತ್ರಗಳನ್ನು ಮೊಟಕು ಮಾಡಿ ಕೊಟ್ಟಿದ್ದೇವೆ.

ಮೊನಾಲಿಸಾದಿಂದ ಶುರುಮಾಡಿದೆ. ಎಷ್ಟು ತಿದ್ದಿದರೂ ಮುಖಕ್ಕೆ ಜೀವ ಬರುತ್ತಿಲ್ಲ. ಮೊದಲ ನಕಲಿಗೆ ಯಾವ ಚಿತ್ರ ಒಳ್ಳೆಯದು? (ದಾವಣಗೆರೆ)

ಮೊನಾಲಿಸಾ ಸದ್ಯಕ್ಕೆ ಬಿಟ್ಟುಬಿಡಿ. ಆ ಮುಖದಲ್ಲಿ ಕುಂಚದ ಗುರುತೇ ಕಾಣುವುದಿಲ್ಲ. ಲಿಯೊನಾರ್ಡೊ ಅತಿ ತೆಳುವಾದ ಪದರಗಳನ್ನು ಒಂದರ ಮೇಲೊಂದು ಹಾಕಿ ನೆರಳನ್ನು ಕರಗಿಸಿದ್ದಾನೆ, ಅದರ ಮೇಲೆ ಹಳದಿಗಟ್ಟಿದ ವಾರ್ನಿಷ್ ಬೇರೆ. ಕಲಿಯುವವರ ಕೈಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ನಕಲು ಮಾಡುವಾಗ ನಾವು ಪತ್ತೆಹಚ್ಚಬೇಕಾದದ್ದು ಚಿತ್ರಕಾರ ಯಾವುದನ್ನು ಮೊದಲು ಹಾಕಿದ, ಯಾವುದನ್ನು ಆಮೇಲೆ, ಎಲ್ಲಿ ಕೈ ನಿಲ್ಲಿಸಿದ ಎಂಬುದನ್ನು. ಹಾಗಾಗಿ ಕೆಲಸದ ಕ್ರಮ ಮೇಲ್ಮೈಯಲ್ಲೇ ಕಾಣುವ ಚಿತ್ರ ಬೇಕು.

ನಮ್ಮ ಸಲಹೆ, ರೆಂಬ್ರಾಂಟ್ ಸುಮಾರು 1628ರಲ್ಲಿ ಬರೆದ ತನ್ನದೇ ಭಾವಚಿತ್ರ. ಆಗ ಅವನಿಗೆ 22ರ ಆಸುಪಾಸು. ಆಂಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ಈ ಚಿತ್ರ ಓಕ್ ಹಲಗೆಯ ಮೇಲಿದೆ, ಅಳತೆ ಬರೀ 22.6 × 18.7 ಸೆಂ.ಮೀ. ಅಂದರೆ ಅದೇ ಅಳತೆಯಲ್ಲಿ ನಕಲು ಮಾಡಬಹುದು, ಮನೆಯ ಮೇಜಿನ ಮೇಲೆಯೇ ಮುಗಿಸಬಹುದು. ಎಡಗಡೆಯಿಂದ ಬಂದ ಬೆಳಕು ಕತ್ತು, ಕಿವಿಯ ಹಾಲೆ, ಕೆನ್ನೆಯ ಒಂದು ತುಂಡು, ಮೂಗಿನ ತುದಿ ಇಷ್ಟನ್ನೇ ಮುಟ್ಟುತ್ತದೆ. ಕಣ್ಣುಗಳೆರಡೂ ನೆರಳಲ್ಲಿ ಮುಳುಗಿವೆ.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ತುಂಡಿಗೆ ಎರಡು ಕೋಟ್ ಅಕ್ರಿಲಿಕ್ ಜೆಸ್ಸೋ (ಬಣ್ಣದ ಕೆಳಗೆ ಹಚ್ಚುವ ಬಿಳಿ ಲೇಪ) ಹಚ್ಚಿ, ಒಣಗಿದ ಮೇಲೆ 320ನೇ ನಂಬರಿನ ಉಪ್ಪುಕಾಗದದಿಂದ ನಯ ಮಾಡಿ. ಯೆಲ್ಲೋ ಓಕರ್‌ಗೆ (ಮಣ್ಣಿನ ಹಳದಿ) ಚೂರು ರಾ ಅಂಬರ್ (ಮಣ್ಣಿನ ಕಂದು) ಸೇರಿಸಿ ಟರ್ಪೆಂಟೈನಿನಲ್ಲಿ ನೀರಾಗಿಸಿ ಬಳಿದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಈ ತಳದ ಬಣ್ಣ ತಿಳಿಯಾಗಿಯೇ ಇರಬೇಕು, ಕಾರಣ ಆಮೇಲೆ ಗೊತ್ತಾಗುತ್ತದೆ. 2ನೇ ನಂಬರಿನ ಬಿರುಸು ಕುಂಚದಿಂದ, ಬರೀ ರಾ ಅಂಬರಿನಲ್ಲಿ, ತಲೆಯ ಹೊರ ಆಕಾರವನ್ನೂ ನೆರಳಿನ ಗಡಿಯನ್ನೂ ಗುರುತಿಸಿ. ಆಮೇಲೆ ಅಂಬರ್ ಮತ್ತು ಕಪ್ಪಿನ ತೆಳು ಮಿಶ್ರಣದಿಂದ ಕೂದಲು, ಹಣೆ, ಕಣ್ಣು ಎಲ್ಲವನ್ನೂ ಒಂದೇ ನೆರಳಿನ ಆಕಾರವಾಗಿ ತುಂಬಿ. ನಂತರ ಹಿನ್ನೆಲೆಯ ತಿಳಿ ಬೂದು, ಕೊನೆಗೆ ಕೆನ್ನೆ ಮತ್ತು ಕತ್ತಿನ ಬೆಳಕು. ಬೆಳಕಿನ ಬಣ್ಣಕ್ಕೆ ಎಣ್ಣೆಯನ್ನೂ ಟರ್ಪೆಂಟೈನನ್ನೂ ಸೇರಿಸಬೇಡಿ, ಟ್ಯೂಬಿನಿಂದ ಬಂದ ಗಟ್ಟಿತನವೇ ಬೇಕು.

ಈ ಚಿತ್ರದ ಕೂದಲ ಸುರುಳಿಗಳನ್ನು ರೆಂಬ್ರಾಂಟ್ ಬರೆದಿಲ್ಲ, ಕೆರೆದಿದ್ದಾನೆ. ಹಸಿ ಬಣ್ಣದ ಮೇಲೆ ಕುಂಚದ ಹಿಂಬದಿಯ ತುದಿಯಿಂದ ಗೀರಿದಾಗ ಕೆಳಗಿನ ತಿಳಿ ತಳ ಎದ್ದು ಕಂಡು ಬೆಳಕು ಬಿದ್ದ ಎಳೆಯಾಗುತ್ತದೆ. ತಳವನ್ನು ಗಾಢ ಮಾಡಿದ್ದರೆ ಎಷ್ಟು ಕೆರೆದರೂ ಏನೂ ಕಾಣದು. ಕೂದಲು ತುಂಬಿದ ದಿನವೇ ಕೆರೆಯಿರಿ. ಅಂಬರ್ ಬೇಗ ಒಣಗುವ ಬಣ್ಣ, ಮರುದಿನಕ್ಕೆ ಅದು ಬಿರುಸಾಗಿ ಪುಡಿಪುಡಿಯಾಗಿ ಏಳುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಕಣ್ಣುಗಳನ್ನು ತೆರೆದು ಬಿಡಿಸುವುದು. ಕಣ್ಣು ಇದೆ ಎಂದು ನಮಗೆ ಗೊತ್ತಿರುವುದರಿಂದ ಕೈ ತಾನಾಗಿ ರೆಪ್ಪೆ, ಪಾಪೆ ಎಂದು ಹೊರಡುತ್ತದೆ. ಮೂಲದ ಎದುರು ಕಣ್ಣು ಕಿರಿದು ಮಾಡಿ ನೋಡಿ. ಕಾಣದಿದ್ದದ್ದನ್ನು ಬರೆಯಬೇಡಿ.

ಮೊಬೈಲಿನಲ್ಲಿ ಚಿತ್ರ ಇಟ್ಟುಕೊಂಡು ನಕಲು ಮಾಡುತ್ತೇನೆ. ಬರೆಯುವಾಗ ಸರಿ ಎನಿಸಿದ್ದು ಬೆಳಗ್ಗೆ ನೋಡಿದರೆ ಮಂಕಾಗಿರುತ್ತದೆ. (ಬೆಂಗಳೂರು)

ಪರದೆ ತಾನೇ ಬೆಳಗುವ ವಸ್ತು, ನಿಮ್ಮ ಕ್ಯಾನ್ವಾಸ್ ಬಿದ್ದ ಬೆಳಕನ್ನು ಹಿಂದಿರುಗಿಸುವ ವಸ್ತು. ಟ್ಯೂಬಿನ ಬಿಳಿ ಪರದೆಯ ಬಿಳಿಗೆ ಎಂದೂ ಸಮನಾಗದು. ಹಾಗಾಗಿ ಪರದೆಯನ್ನು ಕ್ಯಾನ್ವಾಸಿನ ಮಟ್ಟಕ್ಕೆ ಇಳಿಸಬೇಕು. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಸಮ ಕಾಣುವ ತನಕ ಬ್ರೈಟ್‌ನೆಸ್ ತಗ್ಗಿಸಿ. ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್, ಬಣ್ಣ ಎದ್ದು ಕಾಣಿಸುವ ಸೆಟ್ಟಿಂಗ್ ಎರಡನ್ನೂ ಆರಿಸಿ. ಕೆಲಸದ ದೀಪ 5000 ಕೆಲ್ವಿನ್ (ಹಗಲಿನಂಥ ಬಿಳಿ) ಸುತ್ತಮುತ್ತಲಿನದಾಗಿರಲಿ, ಅದರ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚಿರಲಿ. ಹಳದಿ ಬಲ್ಬಿನ ಕೆಳಗೆ ಬರೆದವರು ಅರಿಯದೆಯೇ ನೀಲಿ, ಬೂದು ಹೆಚ್ಚು ಸೇರಿಸಿರುತ್ತಾರೆ, ಹಗಲಲ್ಲಿ ಅದು ಮಂಕಾಗಿ ಕಾಣುತ್ತದೆ. ನಿಮ್ಮ ತೊಂದರೆಗೆ ಇದೇ ಕಾರಣ ಇರಬಹುದು.

ಮೊಬೈಲ್ ಬದಲು ಟ್ಯಾಬ್ಲೆಟ್ ಅಥವಾ ಮ್ಯಾಟ್ ಕಾಗದದ ಎ3 ಪ್ರಿಂಟ್ ಮೇಲು. ಬಣ್ಣದ್ದೊಂದು, ಕಪ್ಪು-ಬಿಳುಪಿನದೊಂದು ಮಾಡಿಸಿ. ಬೆಳಕು-ನೆರಳಿನ ತೀರ್ಮಾನವೆಲ್ಲ ಎರಡನೆಯದನ್ನು ನೋಡಿಯೇ ಆಗಲಿ. ಎಲ್ಲೆಲ್ಲಿಂದಲೋ ಇಳಿಸಿಕೊಂಡ ಚಿತ್ರಗಳನ್ನು ನಂಬಬೇಡಿ. ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಹಳೆಯ ಚಿತ್ರಗಳ ಉತ್ತಮ ಫೈಲುಗಳನ್ನು ಉಚಿತವಾಗಿಯೇ ಕೊಡುತ್ತವೆ. ಅವುಗಳಲ್ಲೂ ಗಾಢ ನೆರಳು ಕೆಲವೊಮ್ಮೆ ಒಂದೇ ಕಪ್ಪಾಗಿ ಕಾಣುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ನೆರಳಿನ ಭಾಗವನ್ನಷ್ಟೇ ತಿಳಿ ಮಾಡಿ ನೋಡಿದರೆ ಒಳಗಿನ ಕಂದು, ಹಸಿರು ಹೊರಬರುತ್ತವೆ.

ಗ್ರಿಡ್ ಹಾಕಿ ಚೌಕಕ್ಕೆ ಚೌಕ ಸರಿಹೊಂದಿಸುತ್ತೇನೆ. ಆದರೂ ಮೂಲದ ಹೋಲಿಕೆ ಬರುವುದಿಲ್ಲ, ಬೇರೆ ಯಾರೋ ಆಗುತ್ತಾರೆ. (ಹುಬ್ಬಳ್ಳಿ)

ಮೊದಲು ನಿಮ್ಮ ಪ್ರಿಂಟನ್ನೇ ಪರೀಕ್ಷಿಸಿ. ಉದಾಹರಣೆಗೆ ವೆಲಾಸ್ಕೆಸ್ ಬರೆದ ಹುವಾನ್ ದೆ ಪರೇಹಾನ ಭಾವಚಿತ್ರ 81.3 × 69.9 ಸೆಂ.ಮೀ. ಎತ್ತರವನ್ನು ಅಗಲದಿಂದ ಭಾಗಿಸಿದರೆ 1.16 ಬರಬೇಕು. ನಿಮ್ಮ ಪ್ರಿಂಟಿನಲ್ಲಿ 1.25 ಬಂದರೆ ಯಾರೋ ಅಂಚು ಕತ್ತರಿಸಿದ್ದಾರೆ, ಇಲ್ಲವೇ ಎಳೆದಿದ್ದಾರೆ. ಕತ್ತರಿಸಿದ್ದಾದರೆ ಮುಖಕ್ಕೇನೂ ಆಗದು. ಎಳೆದಿದ್ದರೆ ನಿಮ್ಮ ಗ್ರಿಡ್ ಎಷ್ಟೇ ಕರಾರುವಾಕ್ಕಾಗಿದ್ದರೂ ಮುಖ ಬೇರೆಯವರದೇ.

ಪ್ರಿಂಟ್ ಸರಿ ಇದ್ದರೆ ತೊಂದರೆ ಗ್ರಿಡ್ ಬಳಸುವ ರೀತಿಯಲ್ಲಿದೆ. ಚೌಕಕ್ಕೆ ಚೌಕ ಬರೆಯುವವರು ಗೆರೆ ಚೌಕದ ಅಂಚನ್ನು ಎಲ್ಲಿ ಮುಟ್ಟುತ್ತದೆ ಎಂಬುದನ್ನು ಸರಿಯಾಗಿ ಹಿಡಿಯುತ್ತಾರೆ. ಆದರೆ ಎರಡು ಅಂಚುಗಳ ನಡುವೆ ಗೆರೆ ಎಷ್ಟು ಬಾಗಿದೆ ಎಂಬುದನ್ನು ಅಂದಾಜಿನಲ್ಲಿ ಬರೆಯುತ್ತಾರೆ. ಸಣ್ಣ ಸಣ್ಣ ಬಾಗುಗಳೆಲ್ಲ ಒಂದೇ ಕಡೆಗೆ ತಪ್ಪಿದರೆ ಮುಖ ಉಬ್ಬುತ್ತದೆ. ಜೊತೆಗೆ 3 ಸೆಂ.ಮೀ. ಚೌಕದಲ್ಲಿ ಒಂದು ಕಣ್ಣು ಪೂರ್ತಿ ಕೂತುಬಿಡುತ್ತದೆ, ಹೋಲಿಕೆ ನಿಲ್ಲುವ ಜಾಗದಲ್ಲೇ ಗ್ರಿಡ್ಡಿನ ನೆರವಿಲ್ಲ. ಗಲ್ಲದಿಂದ ನೆತ್ತಿಗೆ 15 ಸೆಂ.ಮೀ. ಇರುವ ತಲೆಯಲ್ಲಿ ಕಣ್ಣುಗಳ ನಡುವಿನ ದೂರ 2 ಮಿ.ಮೀ. ತಪ್ಪಿದರೂ ಆಸಾಮಿ ಬೇರೆಯಾಗುತ್ತಾನೆ.

ಕ್ರಮ ತಿರುಗಿಸಿ. ಮೊದಲು ಗ್ರಿಡ್ಡಿಲ್ಲದೆ, ನೇರ ಗೆರೆಗಳಲ್ಲೇ, ತಲೆಯ ಒಟ್ಟು ಆಕಾರವನ್ನು ಕಟ್ಟಿ. ನೆತ್ತಿ, ಹುಬ್ಬು, ಮೂಗಿನ ಬುಡ, ಗಲ್ಲ ಈ ನಾಲ್ಕು ಎತ್ತರ, ಆಮೇಲೆ ತಲೆಯ ಅತಿ ಅಗಲದ ಜಾಗ. ಎರಡು ಕಣ್ಣುಗಳ ಹೊರತುದಿ ಕೂಡಿಸುವ ಗೆರೆ, ಬಾಯಿಯ ಎರಡು ತುದಿ ಕೂಡಿಸುವ ಗೆರೆ ಎಷ್ಟು ಓರೆಯಾಗಿವೆ ನೋಡಿ. ಅರೆಪಕ್ಕಕ್ಕೆ ತಿರುಗಿದ ಮುಖದಲ್ಲಿ ಆಚೆ ಕಡೆಯ ಕಣ್ಣು ಕಿರಿದಾಗಿರುತ್ತದೆ. ಬಹುತೇಕ ಎಲ್ಲ ಹೊಸಬರೂ ಅದನ್ನು ಈಚೆ ಕಣ್ಣಿನಷ್ಟೇ ಅಗಲ ಮಾಡುತ್ತಾರೆ, ಮೂಗು ಅಲ್ಲಿಂದಲೇ ಸೊಟ್ಟಗಾಗತೊಡಗುತ್ತದೆ. ದಾರಕ್ಕೆ ಒಂದು ನಟ್ಟು ಕಟ್ಟಿ ಮೂಲದ ಮುಂದೆ ತೂಗುಬಿಟ್ಟರೆ, ಕಣ್ಣಿನ ಒಳಮೂಲೆಯ ನೇರ ಕೆಳಗೆ ಮೂಗಿನ ಹೊಳ್ಳೆ ಬರುತ್ತದೋ ಬಾಯಿಯ ತುದಿ ಬರುತ್ತದೋ ತಿಳಿಯುತ್ತದೆ. ಇದೆಲ್ಲ ಆದ ಮೇಲೆ ಪಾರದರ್ಶಕ ಹಾಳೆಯ ಮೇಲೆ ಗ್ರಿಡ್ ಹಾಕಿ ತಪ್ಪು ಹುಡುಕಿ. ಚಿತ್ರವನ್ನು ತಲೆಕೆಳಗಾಗಿಸಿ, ಕನ್ನಡಿಯಲ್ಲೂ ನೋಡಿ.

ಕೈ ಇನ್ನೂ ಪಳಗಿಲ್ಲ ಎನಿಸಿದರೆ ಬಣ್ಣಕ್ಕೆ ಮೊದಲು ಫ್ರಾನ್ಸಿನ ಚಿತ್ರಕಾರ ಶಾರ್ಲ್ ಬಾರ್ಗ್ ಸಿದ್ಧಪಡಿಸಿದ ರೇಖಾಚಿತ್ರಗಳ ಮಾಲಿಕೆಯಿಂದ ನಾಲ್ಕಾರು ಫಲಕಗಳನ್ನು ಇದ್ದಿಲಿನಲ್ಲಿ ನಕಲು ಮಾಡಿ. 1860ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಇವು ನಕಲು ಮಾಡಲೆಂದೇ ತಯಾರಾದವು: ಒಂದು ಕಡೆ ನೇರ ಗೆರೆಯ ಚೌಕಟ್ಟು, ಪಕ್ಕದಲ್ಲಿ ಮುಗಿದ ಚಿತ್ರ. ವ್ಯಾನ್ ಗೋ 1880ರಲ್ಲಿ ಬೆಲ್ಜಿಯಂನಲ್ಲಿದ್ದಾಗ ಕೂತು ಮಾಡಿದ್ದು ಇವುಗಳನ್ನೇ.

ಮುಖದ ಬೆಳಕಿನ ಭಾಗ ಸುಣ್ಣ ಬಳಿದ ಹಾಗಾಗುತ್ತದೆ, ನೆರಳು ರಾಡಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ "ಫ್ಲೆಶ್ ಟಿಂಟ್" ಟ್ಯೂಬ್ ಕೊಂಡರೆ ಸರಿಹೋದೀತೇ? (ಕಲಬುರಗಿ)

ಆ ಟ್ಯೂಬ್ ಬೇಡ. ಅದು ಯಾರ ಮೈಬಣ್ಣವೂ ಅಲ್ಲ.

ಎರಡೂ ತೊಂದರೆಗೆ ಮೂಲ ಬಿಳಿ ಬಣ್ಣ. ಹಳೆಯ ಉಸ್ತಾದರು ಬಳಸುತ್ತಿದ್ದುದು ಸೀಸದ ಬಿಳಿ. ಅದು ತುಸು ಬೆಚ್ಚನೆಯದು, ಅರೆಪಾರದರ್ಶಕ, ಬೇರೆ ಬಣ್ಣವನ್ನು ಮೆಲ್ಲಗೆ ತಿಳಿಯಾಗಿಸುತ್ತದೆ. ನಮಗೆ ಸಿಗುವ ಟೈಟಾನಿಯಂ ವೈಟ್ ಅದಕ್ಕಿಂತ ಎಷ್ಟೋ ಪಟ್ಟು ಬಲಶಾಲಿ, ತಂಪು, ಪೂರ್ತಿ ಅಪಾರದರ್ಶಕ. ಹಳೆಯ ಪುಸ್ತಕದ ಪ್ರಮಾಣವನ್ನು ಟೈಟಾನಿಯಂನಲ್ಲಿ ಅನುಸರಿಸಿದರೆ ಸುಣ್ಣವೇ ಬರುತ್ತದೆ. ಹಾಗೆಂದು ಸೀಸದ ಬಿಳಿ ಹುಡುಕಿಕೊಂಡು ಹೋಗಬೇಡಿ, ಅದು ವಿಷ. ಅದರ ಪುಡಿಯನ್ನಂತೂ ಮನೆಗೆ ತರಲೇಬಾರದು. ಟೈಟಾನಿಯಂ 10 ಪಾಲಿಗೆ ಓಕರ್ 1 ಪಾಲು ಬೆರೆಸಿ ಒಂದು ಬೆಚ್ಚನೆಯ ಬಿಳಿಯನ್ನು ಮೊದಲೇ ಮಾಡಿಟ್ಟುಕೊಂಡರೆ ಕೆಲಸ ಸಾಗುತ್ತದೆ.

ಪ್ಯಾಲೆಟ್ ನಾಲ್ಕೇ ಬಣ್ಣಕ್ಕೆ ಇಳಿಸಿ: ಬಿಳಿ, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್ ಲೈಟ್, ಐವರಿ ಬ್ಲ್ಯಾಕ್. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝಾರ್ನ್ (1860–1920) ಹೆಸರಿನಲ್ಲಿ ಪ್ರಸಿದ್ಧವಾದ ಜೋಡಣೆ ಇದು, ಅವನದರಲ್ಲಿ ಕ್ಯಾಡ್ಮಿಯಂ ಬದಲು ವರ್ಮಿಲಿಯನ್ ಎಂಬ ಕೆಂಪು ಇತ್ತು. ನೀಲಿ ಇಲ್ಲವಲ್ಲ ಎಂದು ಹೆದರಬೇಡಿ. ಐವರಿ ಬ್ಲ್ಯಾಕಿಗೆ ಬಿಳಿ ಸೇರಿದರೆ ಚರ್ಮದ ಪಕ್ಕದಲ್ಲಿ ನೀಲಿಯಾಗಿಯೇ ಕಾಣುತ್ತದೆ, ಓಕರ್ ಸೇರಿದರೆ ಆಲಿವ್ ಹಸಿರು, ಕೆಂಪು ಸೇರಿದರೆ ಕಂದು.

ಬರೆಯಲು ಕೂರುವ ಮೊದಲು ಐದು ಗುಡ್ಡೆ ಕಲಸಿ. ತಿಳಿ ಬೆಳಕಿಗೆ ಬಿಳಿ 6, ಓಕರ್ 2, ಕೆಂಪು ಅರ್ಧ ಪಾಲು. ಸಾಮಾನ್ಯ ಬೆಳಕಿಗೆ ಬಿಳಿ 3, ಓಕರ್ 2, ಕೆಂಪು 1. ಈ ಎರಡನೆಯದರಲ್ಲಿ ಒಂದಿಷ್ಟು ತೆಗೆದು ಕಪ್ಪು-ಬಿಳಿಯ ಬೂದು ಸೇರಿಸಿದರೆ ಮಧ್ಯಛಾಯೆ. ನೆರಳಿಗೆ ಓಕರ್ 2, ಕೆಂಪು 1, ಕಪ್ಪು 1. ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆಯಂಥ ಅತಿ ಗಾಢ ಜಾಗಕ್ಕೆ ಕೆಂಪು 1, ಕಪ್ಪು 2. ಕ್ಯಾಡ್ಮಿಯಂನ ಬಲ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಕೆಂಪನ್ನು ಹೇಳಿದ್ದಕ್ಕಿಂತ ಕಡಿಮೆ ಹಾಕಿ ಆಮೇಲೆ ಏರಿಸಿ.

ನೆರಳಿನ ಎರಡು ಗುಡ್ಡೆಗಳಲ್ಲಿ ಬಿಳಿ ಇಲ್ಲದ್ದನ್ನು ಗಮನಿಸಿ. ರಾಡಿಯಾಗುವುದು ನೆರಳಿಗೆ ಬಿಳಿ ನುಸುಳಿದಾಗ. ಬೆಳಕಿಗೊಂದು ನೆರಳಿಗೊಂದು ಬೇರೆ ಕುಂಚ ಇಟ್ಟುಕೊಂಡರೆ ಅರ್ಧ ಕಾಯಿಲೆ ವಾಸಿ. ರೆಂಬ್ರಾಂಟನ ಮುಖಗಳಲ್ಲಿ ನೆರಳು ತೆಳು, ಕೆಳಗಿನ ಕಂದು ತಳ ಅದರ ಮೂಲಕ ಕಾಣುತ್ತದೆ, ಬೆಳಕು ದಪ್ಪ. ನೆರಳನ್ನೂ ಬೆಳಕಿನಷ್ಟೇ ದಪ್ಪ ಹಚ್ಚಿದರೆ ಅದು ಮುಂದಕ್ಕೆ ಬಂದು ಕೂತು ಮುಖವನ್ನು ಚಪ್ಪಟೆ ಮಾಡುತ್ತದೆ.

ಇನ್ನು ಬೆಳಕು ನೆರಳಿಗೆ ಜಾರುವ ಆ ಕಿರುಪಟ್ಟಿ. ನಕಲಿನ ನಿಜವಾದ ಪಾಠ ಇರುವುದು ಅಲ್ಲೇ. ರೂಬೆನ್ಸ್, ರೆಂಬ್ರಾಂಟ್ ಇಬ್ಬರಲ್ಲೂ ಆ ಪಟ್ಟಿಯ ತಂಪು ಬೂದನ್ನು ಎಷ್ಟೋ ಕಡೆ ಕಲಸಿ ಹಾಕಿಲ್ಲ. ಒಣಗಿದ ಗಾಢ ಪದರದ ಮೇಲೆ ತಿಳಿ ಬಣ್ಣವನ್ನು ಒಣ ಕುಂಚದಿಂದ ತೆಳುವಾಗಿ ಎಳೆದಾಗ ಕಣ್ಣಿಗೆ ಅದು ನೀಲಿ-ಬೂದಾಗಿ ಕಾಣುತ್ತದೆ. ಕುಂಚವನ್ನು ಬಟ್ಟೆಗೆ ಒರೆಸಿ, ಬಣ್ಣದ ಪಸೆಯಷ್ಟೇ ಉಳಿಸಿಕೊಂಡು, ಬೆಳಕಿನ ಕಡೆಯಿಂದ ನೆರಳಿನ ಕಡೆಗೆ ಒಂದೆರಡು ಸಲ ಎಳೆದು ಬಿಟ್ಟುಬಿಡಬೇಕು. ಅಲ್ಲಿಗೆ ಫ್ಯಾನ್ ಬ್ರಶ್ (ಬೀಸಣಿಗೆಯಾಕಾರದ ಕುಂಚ) ತಂದು ತೀಡಿದಿರೋ, ಆ ಬೂದು ಮಾಯವಾಗಿ ಮುಖ ಮೇಣದ್ದಾಗುತ್ತದೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಕಲಿಯುವ ಮೊದಲ ವರ್ಷ ಫ್ಯಾನ್ ಬ್ರಶ್ ಮನೆಯಲ್ಲೇ ಇರಬಾರದು.

ಮುಖ ಪೂರ್ತಿ ಒಂದೇ ಬಣ್ಣವಲ್ಲ ಎಂಬುದೂ ನೆನಪಿರಲಿ. ಹಣೆ ಹಳದಿಯ ಕಡೆಗೆ. ಕೆನ್ನೆ, ಮೂಗು, ಕಿವಿ ಕೆಂಪಿನ ಕಡೆಗೆ. ಗಡ್ಡ ಬರುವ ಜಾಗ ಬೂದು-ಹಸಿರಿನ ಕಡೆಗೆ.

ವರ್ಮೀರನ ಮುತ್ತಿನ ಓಲೆಯ ಹುಡುಗಿಯನ್ನು ಬರೆದೆ. ಮುಖ ಪರವಾಗಿಲ್ಲ, ಮುತ್ತು ಮಾತ್ರ ಗುಂಡಿಯಂತೆ ಅಂಟಿಕೊಂಡಿದೆ. (ಕುಮಟಾ)

ನೀವು ಮುತ್ತಿನ ಸುತ್ತ ಗೆರೆ ಎಳೆದಿದ್ದೀರಿ. ಮೂಲದಲ್ಲಿ ಗೆರೆಯೇ ಇಲ್ಲ. ಮುತ್ತನ್ನು ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ. ಇರುವುದು ಎರಡೇ ಸಂಗತಿ: ಮೇಲೆ ಎಡಕ್ಕೆ ದಪ್ಪ ಬಿಳಿಯ ಒಂದು ಗುರುತು, ಕೆಳಗೆ ಬಿಳಿ ಕಾಲರಿನ ಮಸುಕು ಪ್ರತಿಬಿಂಬ. ಉಳಿದಷ್ಟೂ ಕತ್ತಿನ ನೆರಳೇ. ಮುತ್ತನ್ನು ಒರೆಸಿ ಹಾಕಿ, ನೆರಳನ್ನು ಅಡೆತಡೆಯಿಲ್ಲದೆ ಹರಿಸಿ, ಒಣಗಿದ ಮೇಲೆ ಆ ಎರಡನ್ನಷ್ಟೇ ಇಡಿ. ಮೇಲಿನದರ ಅಂಚು ಚೂಪು, ಕೆಳಗಿನದರ ಅಂಚು ಕರಗಿದ್ದು. ಹಳೆಯ ಮುದ್ರಣಗಳಲ್ಲಿ ಮೂರನೆಯ ಹೊಳಪೊಂದು ಕಂಡರೆ ಅದನ್ನು ಬಿಡಿ. ಅದು ಸಡಿಲಾಗಿ ತಿರುಗಿಕೊಂಡಿದ್ದ ಬಣ್ಣದ ಚಕ್ಕೆ, 1994ರ ಜೀರ್ಣೋದ್ಧಾರದಲ್ಲಿ ತೆಗೆದರು. ತುಟಿಯ ಮೂಲೆಯಲ್ಲಿ ಚಿಕ್ಕ ಗುಲಾಬಿ ಚುಕ್ಕೆಯಿರುವುದು ಬೆಳಕಿಗೆ ಬಂದದ್ದೂ ಆಗಲೇ.

ಮೂಗನ್ನೂ ನೋಡಿಕೊಳ್ಳಿ. ಮೂಗಿನ ದಂಡೆ ಆಚೆ ಕೆನ್ನೆಯೊಳಗೆ ಕರಗಿಹೋಗಿದೆ, ನಡುವೆ ಗಡಿಯಿಲ್ಲ. ಹಿನ್ನೆಲೆಗೆ ಟ್ಯೂಬಿನ ಕಪ್ಪು ಸಾಲದು. ಹೇಗ್ ನಗರದ ಮಾರಿಟ್ಸ್‌ಹೌಸ್ ಮ್ಯೂಸಿಯಂ 2018ರಲ್ಲಿ ಈ ಚಿತ್ರವನ್ನು ಕೂಲಂಕಷ ಪರೀಕ್ಷಿಸಿದಾಗ, ಅಲ್ಲಿ ಮೊದಲು ಮಡಿಕೆ ಬಿದ್ದ ಹಸಿರು ಪರದೆಯಿತ್ತು ಎಂದು ತಿಳಿದುಬಂತು. ನೀಲಿ ಮತ್ತು ಹಳದಿ ಸಸ್ಯಜನ್ಯ ಬಣ್ಣಗಳ ಆ ಪಾರದರ್ಶಕ ಪದರ ಕಾಲಕ್ರಮದಲ್ಲಿ ಕೆಟ್ಟು ಕಪ್ಪಾಗಿದೆ. ಒಣಗಿದ ಕಪ್ಪಿನ ಮೇಲೆ ಹಸಿರಿನ ಒಂದು ತೆಳು ಪದರ ಎಳೆದರೆ ಹಿನ್ನೆಲೆಗೆ ಆಳ ಬರುತ್ತದೆ, ಕೆನ್ನೆಯ ಗುಲಾಬಿಯೂ ಏಳುತ್ತದೆ.

ಮಳೆಗಾಲದಲ್ಲಿ ಬಣ್ಣ ವಾರಗಟ್ಟಲೆ ಒಣಗುವುದಿಲ್ಲ. ಒಣಗಿದ ಮೇಲೆ ಕೆಲವು ಕಡೆ ಹೊಳಪು, ಕೆಲವು ಕಡೆ ಬೂದಿ ಬಡಿದಂತೆ. ಕ್ಯಾನ್ವಾಸಿನ ಹಿಂದೆ ಬೂಷ್ಟು. (ಮಂಗಳೂರು)

ಎಣ್ಣೆಬಣ್ಣ ಆರುವುದು ನೀರು ಆವಿಯಾದಂತೆ ಅಲ್ಲ, ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೆ ಬೆಳಕು, ಬಿಸುಪು, ಓಡಾಡುವ ಗಾಳಿ ಬೇಕು. ಕಪಾಟಿನಲ್ಲಿ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟದ್ದು: ಒಣಗುವುದೂ ತಡ, ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಗಟ್ಟುವುದೂ ಹೆಚ್ಚು. ಹಾಗೆ ಹಳದಿಯಾದದ್ದು ಬೆಳಕಿಗಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಕ್ಯಾನ್ವಾಸನ್ನು ಗೋಡೆಗೆ ಅಂಟಿಸಿ ಇಡದೆ ಎರಡು ಇಂಚು ದೂರವಿಡಿ, ಹಿಂದೆ ಗಾಳಿಯಾಡಲಿ. ಮಳೆಗಾಲದ ನಾಲ್ಕು ತಿಂಗಳು ಕ್ಯಾನ್ವಾಸಿಗಿಂತ ಪ್ರೈಮ್ ಮಾಡಿದ ಹಲಗೆ ವಾಸಿ, ಅದರ ಹಿಂಬದಿಗೂ ಒಂದು ಕೋಟ್ ಜೆಸ್ಸೋ ಹಚ್ಚಿರಿ.

ಬಣ್ಣಗಳ ಆಯ್ಕೆಯಿಂದಲೂ ದಿನ ಉಳಿಸಬಹುದು. ಅಂಬರ್‌ಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ಒಂದೆರಡು ದಿನಕ್ಕೇ ಒಣಗುತ್ತವೆ. ಐವರಿ ಬ್ಲ್ಯಾಕ್ ಬಲು ನಿಧಾನ. ಆದ್ದರಿಂದ ಕೆಳಪದರಕ್ಕೆ ಅಂಬರ್ ಸರಿ, ಬರೀ ಕಪ್ಪು ಬೇಡ. ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗ ಮೇಲಿನದು ಬಿರುಸಾದರೆ ಬಿರುಕು ಖಂಡಿತ. ಅದೇ ಕಾರಣಕ್ಕೆ ಮೊದಲ ಪದರದಲ್ಲಿ ಬಣ್ಣಕ್ಕೆ ಟರ್ಪೆಂಟೈನ್ ಮಾತ್ರ, ಎರಡನೆಯದರಲ್ಲಿ ಟ್ಯೂಬಿನ ಬಣ್ಣ ಹಾಗೇ, ಕೊನೆಯ ಪಾರದರ್ಶಕ ಪದರಗಳಿಗೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಪಾಲು. ಮೇಲೆ ಹೋದಂತೆ ಎಣ್ಣೆ ಹೆಚ್ಚಬೇಕು, ಕಡಿಮೆಯಾಗಬಾರದು.

ಬೂದಿ ಬಡಿದಂತೆ ಕಾಣುವುದು ಕೆಳಪದರ ಮೇಲಿನ ಎಣ್ಣೆಯನ್ನು ಹೀರಿಕೊಂಡ ಜಾಗ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಎಣ್ಣೆ-ಟರ್ಪೆಂಟೈನ್ ಸಮಪಾಲಿನ ಮಿಶ್ರಣವನ್ನು ಬಟ್ಟೆಯಲ್ಲಿ ಅದ್ದಿ ಆ ಜಾಗಕ್ಕಷ್ಟೇ ಸವರಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಕಪ್ಪು ಮತ್ತೆ ಕಪ್ಪಾಗಿ ಕಾಣುತ್ತದೆ. ಹೀಗೆ ಮಾಡದೆ ಮಂಕಾದ ನೆರಳಿನ ಪಕ್ಕ ಬಣ್ಣ ಹೊಂದಿಸಲು ಹೋದರೆ ಪ್ರತಿಯೊಂದು ಛಾಯೆಯೂ ತಪ್ಪುತ್ತದೆ. ಕೊನೆಯ ವಾರ್ನಿಷ್ ಆರು ತಿಂಗಳ ಮೊದಲು ಬೇಡ, ಬಣ್ಣ ದಪ್ಪವಿದ್ದರೆ ಒಂದು ವರ್ಷ ಕಾಯಿರಿ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು: ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡು ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ. ಒಂದೊಂದನ್ನೂ ಬಿಡಿಸಿ ಹೊರಗೆ ಹರವಿ, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರಿನಲ್ಲಿ ಮುಳುಗಿಸಿಡಿ.

ಈ ಉಸ್ತಾದರ ಮುಖಗಳೆಲ್ಲ ಬಿಳಿಯರವು. ಇವನ್ನು ನಕಲು ಮಾಡಿ ನಮ್ಮ ಊರಿನವರ ಮುಖ ಬರೆಯಲು ಬರುತ್ತದೆಯೇ? (ರಾಯಚೂರು)

ಮೇಲೆ ಹೇಳಿದ ಹುವಾನ್ ದೆ ಪರೇಹಾನನ್ನೇ ನಕಲು ಮಾಡಿ. ಪರೇಹಾ ವೆಲಾಸ್ಕೆಸ್‌ನ ಗುಲಾಮನಾಗಿದ್ದ, ಕಂದು ಮೈಬಣ್ಣದವ, ಮುಂದೆ ಸ್ವತಂತ್ರನಾಗಿ ತಾನೂ ಚಿತ್ರಕಾರನಾದ. 1650ರಲ್ಲಿ ರೋಮಿನಲ್ಲಿ ಬರೆದ ಈ ಚಿತ್ರ ಈಗ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅರ್ಧ ಅಳತೆ, ಅಂದರೆ 40.6 × 35 ಸೆಂ.ಮೀ. ಸಾಕು. ಕುಂಚದ ಅಗಲವನ್ನೂ ಅರ್ಧಕ್ಕೆ ಇಳಿಸಿ.

ಅದರಲ್ಲಿ ನೋಡಬೇಕಾದದ್ದು ಇದು. ಬೂದು-ಹಸಿರು ಹಿನ್ನೆಲೆ, ಬೂದು ಬಟ್ಟೆ, ಇವೆರಡರ ನಡುವೆ ಚರ್ಮ ಬೆಚ್ಚಗೆ ಉರಿಯುತ್ತದೆ. ಹಾಗೆ ಉರಿಯಲು ಹೆಚ್ಚು ಕೆಂಪೇನೂ ಬೇಕಾಗಿಲ್ಲ, ಸುತ್ತಲಿನ ಬೂದೇ ಆ ಕೆಲಸ ಮಾಡುತ್ತದೆ. ಹಣೆ ಮತ್ತು ಮೂಗಿನ ಮೇಲೆ ಹೊಳಪು ಸ್ಪಷ್ಟವಾಗಿ ಎದ್ದಿದೆ. ಕಂದು ಚರ್ಮದಲ್ಲಿ ಚರ್ಮದ ಸ್ವಂತ ಬಣ್ಣಕ್ಕೂ ಹೊಳಪಿಗೂ ಅಂತರ ಹೆಚ್ಚು, ಆಕಾರ ತಿಳಿಯುವುದೇ ಆ ಹೊಳಪುಗಳಿಂದ. ನಮ್ಮವರ ಮುಖ ಬರೆಯುವಾಗ ಆಗುವ ತಪ್ಪೆಂದರೆ ಬೆಳಕಿನ ಭಾಗಕ್ಕೆಲ್ಲ ಬಿಳಿ ಸೇರಿಸಿ ಮುಖವನ್ನು ಬೂದಿ ಮಾಡುವುದು. ಬೆಳಕಿನ ಭಾಗವನ್ನು ಬರ್ಂಟ್ ಸಿಯೆನ್ನಾ (ಕೆಂಪು-ಕಂದು) ಮತ್ತು ಓಕರ್‌ನಿಂದ ಏರಿಸಿ, ಬಿಳಿಯನ್ನು ಹೊಳಪಿಗಷ್ಟೇ ಉಳಿಸಿಕೊಳ್ಳಿ. ಕಿಟಕಿಯ ಬೆಳಕಾದರೆ ಆ ಹೊಳಪು ತುಸು ನೀಲಿ. ನೆರಳಿಗೆ ಬರ್ಂಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸಿದ ಕಂದು, ಬರೀ ಕಪ್ಪಿಗಿಂತ ಜೀವಂತ.

ಪರೇಹಾನ ಬಿಳಿ ಕಾಲರನ್ನು ಕೊನೆಗೆ ಬಿಡಬೇಡಿ, ಮೊದಲ ದಿನವೇ ಅದರ ಜಾಗದಲ್ಲಿ ತಿಳಿ ಬೂದೊಂದನ್ನು ಹಾಕಿ. ಅದಿಲ್ಲದೆ ಮುಖ ಎಷ್ಟು ಗಾಢ ಎಂದು ತೀರ್ಮಾನಿಸಲು ಆಗುವುದಿಲ್ಲ. ಅದರ ಲೇಸಿನ ಕುಸುರಿಗೆ ಹತ್ತಿರ ಹೋಗಿ ನೋಡಿದರೆ ಕುಸುರಿಯೇ ಇಲ್ಲ, ತುಂಡು ತುಂಡು ಬಿಳಿ ಗುರುತುಗಳಷ್ಟೇ.

ಇಂಥ ತೈಲಚಿತ್ರಗಳನ್ನು ಕಣ್ಣಾರೆ ನೋಡಲು ಕರ್ನಾಟಕದಲ್ಲಿ ಎಲ್ಲಿ ಹೋಗಬೇಕು? ನೋಡುವಾಗ ಏನನ್ನು ಗಮನಿಸಬೇಕು? (ತುಮಕೂರು)

ರೆಂಬ್ರಾಂಟ್ ಸಿಗುವುದಿಲ್ಲ. ಆದರೆ ಯುರೋಪಿನ ಅದೇ ಎಣ್ಣೆಬಣ್ಣದ ವಿದ್ಯೆಯನ್ನು ನಮ್ಮ ಮುಖಗಳಿಗೆ ಒಗ್ಗಿಸಿದ ರಾಜಾ ರವಿವರ್ಮನ (1848–1906) ಮೂಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿವೆ. ಕ್ಯಾಲೆಂಡರಿನಲ್ಲಿ ಕಂಡ ರವಿವರ್ಮನನ್ನು ಮರೆತು ಹೋಗಿ, ಮುದ್ರಣಕ್ಕೂ ಮೂಲಕ್ಕೂ ಅಜಗಜಾಂತರ. ಚಿತ್ರದ ಎದುರಿಗಲ್ಲ, ಪಕ್ಕಕ್ಕೆ ನಿಂತು ಓರೆಯಾಗಿ ನೋಡಿ. ಒಡವೆಯ ಚಿನ್ನದ ಮೇಲೆ, ಸೀರೆಯ ಜರಿಯ ಮೇಲೆ ಬಣ್ಣ ಉಬ್ಬಿದೆಯೇ, ಕೆನ್ನೆಯ ಮೇಲೆ ನಯವಾಗಿದೆಯೇ, ನೆರಳಲ್ಲಿ ಕ್ಯಾನ್ವಾಸಿನ ನೆಯ್ಗೆ ಕಾಣುತ್ತದೆಯೇ? ಕೂದಲು ಹಣೆಯನ್ನು ಸೇರುವಲ್ಲಿ ಅಂಚು ಎಲ್ಲಿ ಚೂಪು, ಎಲ್ಲಿ ಕರಗಿದೆ? ನೋಟ್‌ಬುಕ್ಕಿನಲ್ಲಿ ತಲೆಯ ಆಕಾರವೊಂದನ್ನು ಗೀಚಿ ಈ ಉತ್ತರಗಳನ್ನು ಅದರ ಮೇಲೆಯೇ ಬರೆದುಕೊಳ್ಳಿ.

ಅಲ್ಲೇ ಇರುವ, ಎಸ್.ಎಲ್. ಹಲ್ದಣಕರ್ ಬರೆದ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಎಣ್ಣೆಬಣ್ಣವೆಂದು ತಿಳಿದು ನಕಲಿಗೆ ಕೂರುವವರು ಬಹಳ. ಅದು ಜಲವರ್ಣ. ಬೆರಳುಗಳ ನಡುವೆ ತೂರಿಬರುವ ಕೆಂಪು ಬೆಳಕು ಕಾಗದದ ಬಿಳಿಯಿಂದ ಬಂದದ್ದು, ಮೇಲಿಂದ ಹಚ್ಚಿದ ಬಿಳಿಯಿಂದಲ್ಲ. ಎಣ್ಣೆಯಲ್ಲಿ ಪ್ರಯತ್ನಿಸುವುದಾದರೆ ಆ ಜಾಗವನ್ನು ಮೊದಲು ಬಿಳಿಯಲ್ಲಿ ಕಟ್ಟಿ, ಒಣಗಿಸಿ, ಮೇಲೆ ಪಾರದರ್ಶಕ ಕೆಂಪು, ಕಿತ್ತಳೆ ಎಳೆಯಬೇಕಾಗುತ್ತದೆ.

ಯುರೋಪಿಗೆ ಹೋಗುವವಳಿದ್ದೇನೆ. ಮ್ಯೂಸಿಯಂನಲ್ಲಿ ಮೂಲದ ಮುಂದೆಯೇ ಈಸಲ್ ಹಾಕಿ ಬರೆಯಲು ಬಿಡುತ್ತಾರೆಯೇ? (ನ್ಯೂಜೆರ್ಸಿಯಿಂದ ಕನ್ನಡತಿಯೊಬ್ಬರು)

ಮೊದಲೇ ಅರ್ಜಿ ಹಾಕಿ ಅನುಮತಿ ಪಡೆದರೆ ಕೆಲವು ಕಡೆ ಬಿಡುತ್ತಾರೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ 1793ರಲ್ಲಿ ಅದು ಮ್ಯೂಸಿಯಂ ಆದಾಗಿನಿಂದ ನಕಲುಗಾರರಿದ್ದಾರೆ. ನಕಲು ಮೂಲಕ್ಕಿಂತ ಐದನೇ ಒಂದು ಪಾಲು ಚಿಕ್ಕದೋ ದೊಡ್ಡದೋ ಆಗಿರಬೇಕು, ಮೂಲದ ಸಹಿಯನ್ನು ನಕಲು ಮಾಡಬಾರದು. ಮ್ಯಾಡ್ರಿಡ್ಡಿನ ಪ್ರಾಡೋದಲ್ಲೂ ಈ ಪರಂಪರೆ ಹಳೆಯದು, ಅಮೆರಿಕದ ಭಾವಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1879ರಲ್ಲಿ ವೆಲಾಸ್ಕೆಸ್‌ನನ್ನು ನಕಲು ಮಾಡಿದ್ದು ಅಲ್ಲೇ. ನಿಮಗೆ ಹತ್ತಿರದ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲೂ ನಕಲುಗಾರರಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಅರ್ಜಿಗೆ ಸಮಯ ಹಿಡಿಯುತ್ತದೆ, ಸಣ್ಣ ಪ್ರವಾಸಕ್ಕೆ ಅದು ಒಗ್ಗದು. ಪೆನ್ಸಿಲ್ ಮತ್ತು ಚಿಕ್ಕ ಪುಸ್ತಕಕ್ಕೆ ಹೆಚ್ಚಿನ ಕಡೆ ಅಡ್ಡಿಯಿಲ್ಲ.

ಪ್ರಾಡೋಗೆ ಹೋದರೆ ಟಿಶಿಯನ್‌ನ ಆದಮ್-ಈವ್ ಚಿತ್ರವನ್ನೂ, ಅದನ್ನು 1628–29ರಲ್ಲಿ ರೂಬೆನ್ಸ್ ಮಾಡಿದ ನಕಲನ್ನೂ ನೋಡಿಯೇ ಬನ್ನಿ. ರೂಬೆನ್ಸ್ ಆದಮನ ಭಂಗಿ ಬದಲಿಸಿದ್ದಾನೆ, ಮೈಬಣ್ಣ ಬದಲಿಸಿದ್ದಾನೆ, ಒಂದು ಗಿಣಿಯನ್ನೂ ಸೇರಿಸಿದ್ದಾನೆ. ಐವತ್ತು ದಾಟಿದ, ಯುರೋಪಿಗೇ ಹೆಸರಾದ ಚಿತ್ರಕಾರ ಕೂತು ಮಾಡಿದ ನಕಲು ಅದು.

ನಕಲು ಮಾಡಿದ ಚಿತ್ರವನ್ನು ಮಾರಬಹುದೇ? ಸಹಿ ಯಾರದು ಹಾಕಬೇಕು? (ಬೆಳಗಾವಿ)

ಭಾರತದಲ್ಲಿ ಕೃತಿಸ್ವಾಮ್ಯ ಚಿತ್ರಕಾರ ತೀರಿಕೊಂಡ ಮೇಲೆ 60 ವರ್ಷ. ರೆಂಬ್ರಾಂಟ್, ವರ್ಮೀರ್, ರವಿವರ್ಮರ ವಿಷಯದಲ್ಲಿ ಆ ಅವಧಿ ಎಂದೋ ಮುಗಿದಿದೆ. 1968ರಲ್ಲಿ ತೀರಿಕೊಂಡ ಹಲ್ದಣಕರ್ ಅವರ ಚಿತ್ರಗಳಿಗೆ 2028ರ ಕೊನೆಯ ತನಕ, 1993ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಸ್ವೆತೊಸ್ಲಾವ್ ರೋರಿಕ್ ಅವರವಕ್ಕೆ 2053ರ ಕೊನೆಯ ತನಕ ಇದೆ. ಅವುಗಳ ನಕಲನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಮಾರಬೇಡಿ.

ಸಹಿ ನಿಮ್ಮದೇ. ಮೂಲದ ಸಹಿಯನ್ನು ನಕಲು ಮಾಡಿದರೆ ನಾಳೆ ಅದು ಯಾರ ಕೈಗೋ ಸೇರಿ ಖೋಟಾ ಎನಿಸಿಕೊಳ್ಳಬಹುದು. ಕ್ಯಾನ್ವಾಸಿನ ಹಿಂದೆ, ಬಟ್ಟೆಯ ಮೇಲೆಯೇ, ಅಳಿಸಲಾಗದ ಹಾಗೆ "ರೆಂಬ್ರಾಂಟನ ಮೂಲದ ನಕಲು" ಎಂದು ಬರೆದು ನಿಮ್ಮ ಹೆಸರು, ವರ್ಷ ಹಾಕಿ. ಚೌಕಟ್ಟಿನ ಮರದ ಮೇಲೆ ಬರೆದರೆ ಸಾಲದು, ಚೌಕಟ್ಟು ಬದಲಾಗುತ್ತದೆ.